ಶೌಚವೆಂದರೆ ಮುಟ್ಟದಿರುವುದೇ?

ಅಡುಗೆಮನೆಯ ಗೋಡೆಗೆ ತಗುಲಿಸಿದ ಒಂದು ಪುಟ್ಟ ಯಂತ್ರವನ್ನು ಕುರಿತು ಧರ್ಮವಿಚಾರದ ಪುಟಗಳಲ್ಲಿ ಬರೆಯಹೊರಟಿರುವುದನ್ನು ಕಂಡು ಆಸ್ತಿಕ ಓದುಗರು ನಸುನಗಬಹುದು. ಆದರೆ ಮಹಾನಗರಗಳಲ್ಲಿ ನೆಲೆಸಿರುವ ನಮ್ಮಂಥವರ ಧರ್ಮಪರೀಕ್ಷೆ ಯಜ್ಞಶಾಲೆಗಳಲ್ಲಿ ನಡೆಯುವುದಕ್ಕಿಂತ ಹೆಚ್ಚಾಗಿ ಎಂಟಡಿ ಉದ್ದದ ಅಡುಗೆಮನೆಗಳಲ್ಲಿಯೇ ನಡೆಯುತ್ತದೆ. ಅಂತಹ ಒಂದು ಪರೀಕ್ಷೆಯಲ್ಲಿ ಈ ಲೇಖಕನು ತೇರ್ಗಡೆಯಾಗಲಿಲ್ಲ. ಏಕೆ ಆಗಲಿಲ್ಲವೆಂಬುದನ್ನು ವಿಚಾರಮಾಡಿದಾಗ ತಿಳಿದುಬಂದ ಕೆಲವು ಸಂಗತಿಗಳನ್ನು ಸಹೃದಯರ ಮುಂದಿಡುವುದೇ ಈ ಬರಹದ ಉದ್ದೇಶ.

2023ರಲ್ಲಿ ನನ್ನ ಸಹಧರ್ಮಿಣಿಗೆ ಕ್ಯಾನ್ಸರ್ ಇರುವುದು ಪತ್ತೆಯಾಗಿ ಕೀಮೋಥೆರಪಿ ಚಿಕಿತ್ಸೆ ಆರಂಭವಾಯಿತು. ಈ ಚಿಕಿತ್ಸೆಯ ಅವಧಿಯಲ್ಲಿ ರಕ್ತದ ಬಿಳಿಯ ಕಣಗಳು ಇಳಿಯುತ್ತವೆ. ಆರೋಗ್ಯವಂತರಿಗೆ ಏನೂ ಮಾಡದ ಸಣ್ಣ ಸೋಂಕು ಸಹ ರೋಗಿಯ ಪ್ರಾಣಕ್ಕೆ ಎರವಾಗಬಲ್ಲದು. ಆದುದರಿಂದ ಮನೆಯವರೆಲ್ಲರೂ ಸಾಬೂನಿನಿಂದ ಕೈತೊಳೆಯಬೇಕು, ಎಲ್ಲರೂ ಒರೆಸಿಕೊಂಡ ಒದ್ದೆ ಟವೆಲಿಗೆ ಕೈ ಒರೆಸಬಾರದು ಎಂದು ವೈದ್ಯರು ಹೇಳಿದರು. ಹೈದರಾಬಾದಿನಲ್ಲಿರುವ ಮಗ ಮರುವಾರವೇ ಒಂದು ಪೇಪರ್ ಟವೆಲ್ ಡಿಸ್ಪೆನ್ಸರನ್ನು ಕಳುಹಿಸಿಕೊಟ್ಟ. ಅದನ್ನು ಮುಟ್ಟಬೇಕಾಗಿಲ್ಲ. ಕೈಯನ್ನು ಕೆಳಗೆ ಹಿಡಿದರೆ ಸಾಕು, ಒಂದು ಹಾಳೆಯಷ್ಟು ಕಾಗದ ತಾನಾಗಿ ಹೊರಬರುತ್ತದೆ. ಅದರೊಳಗಿರುವ ಚಿಕ್ಕ ದೀಪವೊಂದು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬಿಡುತ್ತಿರುತ್ತದೆ. ಆ ಕಿರಣ ಕೈಗೆ ತಾಗಿ ಹಿಂದಿರುಗಿದುದನ್ನು ಮಗ್ಗುಲಲ್ಲಿರುವ ಗ್ರಾಹಕವು ಗುರುತಿಸಿ ಮೋಟಾರನ್ನು ತಿರುಗಿಸುತ್ತದೆ. ಬ್ಯಾಟರಿಯೇ ಅದರ ಆಹಾರ. ಯಂತ್ರಕ್ಕೆ ವಿವೇಕವಿಲ್ಲದುದರಿಂದ ಹಾದುಹೋದ ಮೊಣಕೈಗೂ ಎತ್ತಿದ ಸಾರಿನ ಪಾತ್ರೆಗೂ ಅದು ಅಷ್ಟೇ ಔದಾರ್ಯದಿಂದ ಹಾಳೆಯನ್ನು ನೀಡುತ್ತಿತ್ತೆಂಬುದು ಬೇರೆ ಮಾತು.

ಇಂತಹ ವಸ್ತುವನ್ನು ಕೇವಲ ಶ್ರೀಮಂತಿಕೆಯ ಆಡಂಬರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರ ಹಿಂದೆ ದೊಡ್ಡದೊಂದು ಅನುಭವಪರಂಪರೆಯಿದೆ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಪರೀಕ್ಷೆ ಮಾಡಿ ಬಂದ ವೈದ್ಯರು ಕ್ಲೋರಿನ್ ಬೆರೆತ ದ್ರಾವಣದಲ್ಲಿ ಕೈತೊಳೆದುಕೊಂಡೇ ಬಾಣಂತಿಯರನ್ನು ಮುಟ್ಟಬೇಕೆಂದು ವಿಧಿಸಿದಾಗ ಬಾಣಂತಿಯರ ಸಾವು ಬಹಳವಾಗಿ ಇಳಿಯಿತು. ಅಂದಿನ ಹಿರಿಯ ವೈದ್ಯರಲ್ಲಿ ಹಲವರು ಆತನ ಮಾತನ್ನು ಒಪ್ಪಲಿಲ್ಲ. ತಮ್ಮ ಕೈಯೇ ಮಲಿನವೆಂಬ ಮಾತು ಅವರಿಗೆ ಅವಮಾನವಾಗಿ ಕಂಡಿತು. 1907ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಸ್ಕಾಟ್ ಕಾಗದ ಕಂಪನಿಯು ಒಮ್ಮೆ ಒರೆಸಿ ಎಸೆಯುವ ಕಾಗದದ ಟವೆಲನ್ನು ತಯಾರಿಸತೊಡಗಿತು. ನೆಗಡಿಯಾದ ಮಕ್ಕಳೆಲ್ಲ ಒಂದೇ ಟವೆಲಿಗೆ ಕೈ ಒರೆಸುವುದನ್ನು ತಪ್ಪಿಸಲು ಶಾಲೆಯ ಉಪಾಧ್ಯಾಯಿನಿಯೊಬ್ಬಳು ಕಾಗದದ ತುಂಡುಗಳನ್ನು ಹಂಚಿದಳೆಂದೂ ಅದರಿಂದಲೇ ಈ ಯೋಚನೆ ಹುಟ್ಟಿತೆಂದೂ ಹೇಳುವ ಕಥೆಯಿದೆ. 1931ರಲ್ಲಿ ಅದೇ ಕಂಪನಿ ಅಡುಗೆಮನೆಗಾಗಿ ಕಾಗದದ ಸುರುಳಿಯನ್ನು ಮಾರುಕಟ್ಟೆಗೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಆಸ್ಪತ್ರೆಗಳಿಗೆಂದು ನೀಡಿದ ಮಾರ್ಗಸೂಚಿಯಲ್ಲಿ, ತೊಳೆದ ಕೈಯನ್ನು ಒಮ್ಮೆ ಮಾತ್ರ ಬಳಸುವ ಟವೆಲಿನಿಂದ ಚೆನ್ನಾಗಿ ಒಣಗಿಸಿಕೊಳ್ಳಬೇಕೆಂದೂ ಅದೇ ಟವೆಲಿನಿಂದ ನಲ್ಲಿಯನ್ನು ನಿಲ್ಲಿಸಬೇಕೆಂದೂ ಹೇಳಿದೆ. ಒಣಗಿದ ಕೈಗಿಂತ ಒದ್ದೆಗೈಯಿಂದ ರೋಗಾಣುಗಳು ಸುಲಭವಾಗಿ ಹರಡುತ್ತವೆಂಬುದೇ ಇದಕ್ಕೆ ಕಾರಣ. ಹೀಗೆ ಈ ಯಂತ್ರದ ಮೂಲದಲ್ಲಿರುವುದು ಪರರ ಪ್ರಾಣದ ಮೇಲಿನ ಕಾಳಜಿಯೇ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಮುಟ್ಟದೆ ಶುದ್ಧವಾಗಿರುವ ಕ್ರಮ ನಮಗೆ ಹೊಸತಲ್ಲವೆಂದು ಕೆಲವರು ಹೇಳುವುದುಂಟು. ನಿಜ. ಬಾಗಲಕೋಟೆಯ ನಮ್ಮ ಹಿರಿಯರ ಮನೆಯಲ್ಲಿ ಅಜ್ಜಿಯು ಎತ್ತರದ ಗಳದ ಮೇಲೆ ಒಣಗಿದ್ದ ಮಡಿಸೀರೆಯನ್ನು ಕೋಲಿನಿಂದಲೇ ಇಳಿಸಿಕೊಳ್ಳುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ತುಟಿಗೆ ತಾಗಿಸದೆ ನೀರನ್ನು ಎತ್ತಿ ಕುಡಿಯುವುದು, ಮುಸುರೆಯ ಕೈಯಿಂದ ಉಪ್ಪಿನಕಾಯಿಯ ಭರಣಿಯನ್ನು ಮುಟ್ಟದಿರುವುದು, ಊಟವಾದ ಸ್ಥಳವನ್ನು ಶುದ್ಧಮಾಡದೆ ಇನ್ನೊಬ್ಬರನ್ನು ಕೂಡಿಸದಿರುವುದು, ಇವೆಲ್ಲ ನಮಗೆ ಎಳವೆಯಿಂದಲೇ ಬಂದವು. ಊಟಕ್ಕೆ ಬಂದ ಅತಿಥಿ ಕೈತೊಳೆಯುವಾಗ ಮನೆಯ ಹುಡುಗನೊಬ್ಬ ತಂಬಿಗೆಯಿಂದ ನೀರನ್ನು ಹಾಕಿ, ಮಗ್ಗುಲಲ್ಲಿ ಒಗೆದ ವಸ್ತ್ರವನ್ನು ಹಿಡಿದು ನಿಲ್ಲುತ್ತಿದ್ದ. ಅತಿಥಿಯು ತಂಬಿಗೆಯನ್ನೂ ಮುಟ್ಟುತ್ತಿರಲಿಲ್ಲ. ಆದರೆ ಇಲ್ಲೊಂದು ಅಂತರವನ್ನು ಗಮನಿಸಬೇಕು. ಆ ಮುಟ್ಟದಿರುವಿಕೆಗೆ ಇನ್ನೊಬ್ಬ ಮನುಷ್ಯ ಬೇಕಾಗಿದ್ದ. ನೀರು ಹಾಕುವವನಿಗೆ ಅದು ಸೇವೆ, ಹಾಕಿಸಿಕೊಳ್ಳುವವನಿಗೆ ಅದು ಋಣ. ಇಂದು ಆ ಹುಡುಗನ ಸ್ಥಾನದಲ್ಲಿ ಮೋಟಾರು ಬಂದಿದೆ. ಅದಕ್ಕೆ ನಾವು ಯಾವ ಋಣವನ್ನೂ ಸಲ್ಲಿಸಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಸ್ಪಷ್ಟಪಡಿಸುವುದು ಉಚಿತ. 2020ರ ಮಾರ್ಚ್ 24ರ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾದ ಅನಂತರ, ನಮ್ಮ ಮಡಿಯ ಆಚಾರವೆಲ್ಲ ರೋಗಾಣುಗಳನ್ನು ಅರಿತೇ ರೂಪುಗೊಂಡದ್ದೆಂದು ಹೇಳುವ ಉತ್ಸಾಹ ಎಲ್ಲೆಡೆ ಕಂಡುಬಂದಿತು. ಇದು ಮಡಿಗೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ. ಮಡಿಯೆಂಬುದು ಭಗವಂತನ ಪೂಜೆಗೆ ದೇಹವನ್ನೂ ಮನಸ್ಸನ್ನೂ ಸಿದ್ಧಗೊಳಿಸಿಕೊಳ್ಳುವ ಒಂದು ನಿಯಮ. ಒಗೆದು ಒಣಗಿಸಿದ ಬಟ್ಟೆಯಿಂದ ಆರೋಗ್ಯಕ್ಕೆ ಒಳಿತಾಗುವುದು ಅದರ ಆನುಷಂಗಿಕ ಫಲ. ಆದರೆ ಮನುಷ್ಯರ ಹುಟ್ಟನ್ನು ನೋಡಿ ದೂರವಿಟ್ಟ ದೂರದಿಂದ ಯಾವ ರೋಗವೂ ನಿಂತಿಲ್ಲ. ರೋಗಾಣುವಿಗೆ ಕುಲಗೋತ್ರಗಳ ಪರಿಚಯವಿಲ್ಲ. ಕೊರೊನಾ ವಿಷಯದಲ್ಲಿಯೂ, ವಸ್ತುಗಳನ್ನು ಮುಟ್ಟುವುದರಿಂದ ಸೋಂಕು ತಗಲುವ ಸಂಭವ ಕಡಿಮೆಯೆಂದು 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವೇ ತಿಳಿಸಿತು. ಸೋಂಕು ಮುಖ್ಯವಾಗಿ ಹರಡುತ್ತಿದ್ದುದು ಉಸಿರಿನಿಂದ. ಆದರೂ ಮುಟ್ಟುವ ಭಯ ಮಾತ್ರ ನಮ್ಮ ಮನೆಗಳಲ್ಲಿ ಉಳಿದುಕೊಂಡಿತು. ಕಾರಣ ತೀರಿದ ಮೇಲೂ ಉಳಿಯುವ ಭಯವು ಮೆಲ್ಲನೆ ಅಭ್ಯಾಸವಾಗುತ್ತದೆ. ಅಭ್ಯಾಸವು ಮೆಲ್ಲನೆ ಅಭಿಮಾನವಾಗುತ್ತದೆ.

ಈಗ ನನ್ನ ಪ್ರಮಾದದ ವಿಷಯಕ್ಕೆ ಬರುತ್ತೇನೆ. ಡೊಂಬಿವಲಿಯ ನಮ್ಮ ಮನೆಗೆ ಹನ್ನೊಂದು ವರ್ಷಗಳಿಂದ ಪಾತ್ರೆ ತಿಕ್ಕಿ ನೆಲ ಒರೆಸಲು ಬರುವ ಹೆಣ್ಣುಮಗಳೊಬ್ಬರಿದ್ದಾರೆ. ಈ ಪ್ರಾಂತದ ವಾಡಿಕೆಯಂತೆ ನಾವೂ ಅವರನ್ನು ‘ಮಾವಶಿ’ ಎನ್ನುತ್ತೇವೆ. ಮರಾಠಿಯಲ್ಲಿ ಹಾಗೆಂದರೆ ತಾಯಿಯ ಒಡಹುಟ್ಟಿದವಳು. ಶ್ರೀಹರಿವಾಯುಗುರುಗಳ ಕೃಪೆಯಿಂದ ನನ್ನ ಪತ್ನಿಯ ಚಿಕಿತ್ಸೆ ಮುಗಿದು ಆಕೆ ಚೇತರಿಸಿಕೊಂಡಳು. ಯಂತ್ರ ಮಾತ್ರ ಗೋಡೆಯ ಮೇಲೆಯೇ ಉಳಿಯಿತು. ಒಂದು ಬೆಳಿಗ್ಗೆ ಮಾವಶಿಯವರು ಪಾತ್ರೆಗಳನ್ನು ತಿಕ್ಕಿ ಮುಗಿಸಿ, ಸಾಬೂನಿನಿಂದ ಕೈತೊಳೆದು, ಎಲ್ಲರೂ ಮಾಡುವಂತೆ ಯಂತ್ರದ ಕೆಳಗೆ ಕೈ ಹಿಡಿದರು. ಕಾಗದ ಹೊರಬಂದಿತು. ಊಟದ ಮೇಜಿನ ಬಳಿ ಪತ್ರಿಕೆಯನ್ನು ಓದುತ್ತಿದ್ದ ನಾನು ತಲೆಯೆತ್ತಿ, “ಅದು ನಿಮಗಲ್ಲ ಮಾವಶಿ, ಅಲ್ಲಿ ಬಟ್ಟೆ ಇದೆ” ಎಂದೆ. ಧ್ವನಿ ಗಡುಸಾಗಿರಲಿಲ್ಲ, ಆದುದರಿಂದಲೇ ಅದು ಇನ್ನೂ ಕೆಟ್ಟದ್ದೆಂದು ಈಗ ತೋರುತ್ತದೆ. ಅವರು “ಬರ ಕಾಕಾ” ಎಂದು ಹೇಳಿ, ಆ ಹಾಳೆಯನ್ನು ಹರಿದು ಮಡಚಿ ಕಟ್ಟೆಯ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದರು. ಅವರು ಹೋದ ಮೇಲೆ ನನ್ನ ಪತ್ನಿ ಕೇಳಿದಳು: “ಅಲ್ಲರೀ, ಚಿಕಿತ್ಸೆಯ ದಿನಗಳಲ್ಲಿ ನನಗೆ ವಾಂತಿಯಾದಾಗ ತಟ್ಟೆ ಹಿಡಿದ ಕೈ ಅದು. ಆಗ ಅದಕ್ಕೆ ಏನೂ ದೋಷ ಇರಲಿಲ್ಲೇನು?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ‘ಕಾಗದ ದುಬಾರಿ’ ಎಂದು ಸಮರ್ಥಿಸಿಕೊಳ್ಳಲು ಮನಸ್ಸು ಯತ್ನಿಸಿತು. ಆದರೆ ಹಿಂದಿನ ಸಂಜೆಯಷ್ಟೇ ಚೆಲ್ಲಿದ ಒಂದು ಚಮಚ ಚಹವನ್ನು ಒರೆಸಲು ನಾನೇ ನಾಲ್ಕು ಹಾಳೆಗಳನ್ನು ಎಳೆದಿದ್ದೆ. ‘ಆರೋಗ್ಯದ ದೃಷ್ಟಿಯಿಂದ’ ಎನ್ನೋಣವೆಂದರೆ ತರ್ಕವು ನನ್ನ ವಿರುದ್ಧವೇ ನಿಲ್ಲುತ್ತದೆ. ಯಂತ್ರದ ಪ್ರಯೋಜನವು ಕೈಗಳನ್ನು ನಿರ್ಮಲವಾಗಿಡುವುದಾಗಿದ್ದರೆ, ಮನೆಯ ಸಮಸ್ತ ಪಾತ್ರೆಗಳನ್ನೂ ಮುಟ್ಟುವ ಕೈಗೇ ಮೊದಲನೆಯ ಹಾಳೆ ಸಲ್ಲಬೇಕು. ಆ ಕೈಯನ್ನು ಎಲ್ಲರೂ ಒರೆಸಿದ ಒದ್ದೆ ಬಟ್ಟೆಯ ಕಡೆಗೆ ಕಳುಹಿಸಿದವನು ಆರೋಗ್ಯವನ್ನು ಕಾಯುತ್ತಿರಲಿಲ್ಲ, ಗಡಿಯೊಂದನ್ನು ಕಾಯುತ್ತಿದ್ದ. ಹಾಗಾದರೆ ನನ್ನ ಮನಸ್ಸಿನಲ್ಲಿ ಆ ಕಾಗದ ಶುದ್ಧಿಯ ಸಾಧನವಾಗಿರದೆ ಅಂತಸ್ತಿನ ಚಿಹ್ನೆಯಾಗಿ ಮಾರ್ಪಟ್ಟಿತ್ತು. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ನಾನು ಹುಟ್ಟಿದ್ದು ಅದಾದ ಮೇಲೆ. ಯಾರನ್ನೂ ದೂರವಿಟ್ಟವನಲ್ಲವೆಂದು ನಂಬಿಕೊಂಡೇ ಬಾಳಿದ್ದ ನನ್ನ ಬಾಯಿಂದ ಆ ಮಾತು ಅಷ್ಟು ಸಲೀಸಾಗಿ ಬಂದಿತೆಂದರೆ, ಅದು ಒಳಗೆ ಎಲ್ಲಿಯೋ ಸಿದ್ಧವಾಗಿಯೇ ಇತ್ತೆಂದು ಅರ್ಥ.

ಯಂತ್ರವು ಮಾವಶಿಯವರ ಕೈಗೂ ನನ್ನ ಕೈಗೂ ಭೇದವೆಣಿಸಲಿಲ್ಲ. ಹಾಗೆಂದು ಯಂತ್ರಗಳೆಲ್ಲ ಸ್ವಭಾವತಃ ಸಮದರ್ಶಿಗಳೆಂದು ಹೊಗಳುವಂತಿಲ್ಲ. ಬಿಳಿಯ ಕೈಗೆ ಸಾಬೂನನ್ನು ನೀಡಿದ ಇಂತಹುದೇ ಯಂತ್ರವೊಂದು ಕಪ್ಪು ಕೈಗೆ ನೀಡದೆ ಹೋದ ದೃಶ್ಯವು 2017ರಲ್ಲಿ ಲೋಕದೆಲ್ಲೆಡೆ ಹರಡಿ ಚರ್ಚೆಗೆ ಕಾರಣವಾಯಿತು. ಕಪ್ಪು ಮೈಬಣ್ಣವು ಕಿರಣವನ್ನು ಕಡಿಮೆ ಹಿಂದಿರುಗಿಸುತ್ತದೆಂಬುದನ್ನು ಮಾಡಿದವರು ಯೋಚಿಸದಿದ್ದರೆ ಹೀಗಾಗುತ್ತದೆ. ಮಾಡುವವರ ಮರೆವು ಯಂತ್ರದಲ್ಲಿಯೂ, ಬಳಸುವವರ ಮದವು ಮನೆಯಲ್ಲಿಯೂ ನೆಲೆಸಬಲ್ಲವು. ನಮ್ಮ ಮನೆಯಲ್ಲಿ ನೆಲೆಸಿದ್ದುದು ಎರಡನೆಯದು.

ಇಲ್ಲಿ ತಾತ್ತ್ವಿಕವಾದ ಒಂದು ಪ್ರಶ್ನೆ ಎದುರಾಗುತ್ತದೆ. ‘ಮುಟ್ಟದೆ’ ಎಂಬ ಮಾತಿನ ನಿಜವಾದ ಅರ್ಥವೇನು? ನಾನು ಬ್ಯಾಂಕಿನ ಲೆಕ್ಕದ ಪುಸ್ತಕಗಳಲ್ಲಿ ಮೂವತ್ತಾರು ವರ್ಷ ಕಳೆದವನು. ಒಂದು ಖಾತೆಯಿಂದ ಕಳೆದ ಮೊತ್ತ ಮಾಯವಾಗುವುದಿಲ್ಲ, ಇನ್ನೊಂದು ಖಾತೆಗೆ ಹೋಗಿ ಸೇರುತ್ತದೆ. ಸ್ಪರ್ಶವೂ ಹಾಗೆಯೇ. ನಾನು ಮುಟ್ಟದೆ ಪಡೆದ ಕಾಗದವನ್ನು ಒರೆಸಿ ಬುಟ್ಟಿಗೆ ಹಾಕುತ್ತೇನೆ. ಬುಟ್ಟಿಯನ್ನು ಮಾವಶಿ ಮುಟ್ಟುತ್ತಾರೆ. ಕೆಳಗಿನ ಡಬ್ಬದಿಂದ ಅದನ್ನು ನಗರಪಾಲಿಕೆಯ ಕಾರ್ಮಿಕ ಮುಟ್ಟುತ್ತಾನೆ. ಕಸದ ರಾಶಿಯ ಬಳಿ ಅದನ್ನು ಕೆದಕುವ ಮಗುವೂ ಮುಟ್ಟುತ್ತದೆ. ಹಸಿಕಸ, ಒಣಕಸ, ಅಪಾಯಕಾರಿ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ಮುಗಿದ ಬ್ಯಾಟರಿಗಳ ವಿಲೇವಾರಿಗೆಂದೇ 2022ರಲ್ಲಿ ಬೇರೆ ನಿಯಮಗಳು ಬಂದವು. ಆದರೆ ಎಷ್ಟು ಮನೆಗಳಲ್ಲಿ ಈ ಬ್ಯಾಟರಿಗಳು ತರಕಾರಿಯ ಸಿಪ್ಪೆಯೊಡನೆಯೇ ಸೇರಿಹೋಗುತ್ತವೆಂಬುದನ್ನು ಪ್ರತಿಯೊಬ್ಬರೂ ತಮ್ಮ ಮನೆಯ ಬುಟ್ಟಿಯನ್ನು ನೋಡಿಯೇ ತಿಳಿಯಬಹುದು. ನನ್ನ ಕೈ ಮುಟ್ಟದಂತೆ ಉಳಿದುದು ಬೇರೆಯವರ ಕೈ ಹೆಚ್ಚು ಮುಟ್ಟಿದುದರಿಂದ. ಹೀಗಿರುವಾಗ ಅದನ್ನು ಶೌಚವೆನ್ನುವುದಕ್ಕಿಂತ ಮಾಲಿನ್ಯದ ವರ್ಗಾವಣೆಯೆನ್ನುವುದೇ ಸರಿಯಾದ ಲೆಕ್ಕ.

ಶ್ರೀಮದಾಚಾರ್ಯರ ಸಿದ್ಧಾಂತವನ್ನು ನಂಬಿದವರಿಗೆ ಇದು ಇನ್ನೂ ಚೆನ್ನಾಗಿ ತಿಳಿಯಬೇಕು. ಸ್ವತಂತ್ರನು ಶ್ರೀಹರಿಯೊಬ್ಬನೇ, ಮಿಕ್ಕುದೆಲ್ಲವೂ ಪರತಂತ್ರ. ಯಾರ ಹಂಗೂ ಇಲ್ಲದೆ, ಯಾರನ್ನೂ ಸೋಕದೆ ನಾನು ಶುದ್ಧನಾಗಿರಬಲ್ಲೆನೆಂಬ ಭಾವನೆಯು ಪರತಂತ್ರನಾದ ಜೀವನು ಸ್ವಾತಂತ್ರ್ಯವನ್ನು ತನಗೆ ಆರೋಪಿಸಿಕೊಂಡಂತೆ. ಆ ಕಾಗದಕ್ಕಾಗಿ ಬೆಳೆದ ಮರ, ಅದನ್ನು ತಿರುಳಾಗಿಸಿದ ನೀರು, ಹೊತ್ತುತಂದ ಕೂಲಿ, ಬಳಿದು ಒಯ್ದ ಕೈ, ಇವೆಲ್ಲವುಗಳ ಮೇಲೆ ನಿಂತ ನನ್ನ ಶುಚಿತ್ವವು ನನ್ನದೆಂದು ಹೇಳಿಕೊಳ್ಳುವಂತಹುದಲ್ಲ. ಜೀವಜೀವರಲ್ಲಿ ಭೇದವುಂಟೆಂಬುದು ನಮ್ಮ ಸಿದ್ಧಾಂತವೇ ಸರಿ. ಆದರೆ ಭೇದವೆಂದರೆ ತಿರಸ್ಕಾರವಲ್ಲ. ಪ್ರತಿಯೊಂದು ಜೀವನಲ್ಲಿಯೂ ಅಂತರ್ಯಾಮಿಯಾಗಿ ನೆಲೆಸಿರುವವನು ಒಬ್ಬನೇ ಎಂದು ಒಪ್ಪಿದ ಮೇಲೆ, ಇನ್ನೊಬ್ಬರ ಕೈಯನ್ನು ಕೀಳೆಂದು ಕಂಡವನು ಯಾರ ಸನ್ನಿಧಿಯನ್ನು ಕೀಳಾಗಿ ಕಂಡಂತಾಯಿತೆಂದು ಆಲೋಚಿಸಬೇಕು.

ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀ ಸಂಪತ್ತಿನ ಗುಣಗಳನ್ನು ಎಣಿಸುವಾಗ ಶೌಚದ ಬೆನ್ನಿಗೇ ಅದ್ರೋಹವೂ, ಅದರ ಬೆನ್ನಿಗೇ ಅತಿಯಾದ ಅಭಿಮಾನವಿಲ್ಲದಿರುವ ಗುಣವೂ ಬರುತ್ತವೆ. ಹಲವು ವರ್ಷಗಳಿಂದ ಪಾರಾಯಣ ಮಾಡುತ್ತಿದ್ದರೂ ಈ ನೆರೆಹೊರೆಯನ್ನು ನಾನು ಗಮನಿಸಿರಲಿಲ್ಲ. ದ್ರೋಹವಿಲ್ಲದಿರುವಿಕೆಯೂ ಅಭಿಮಾನವಿಲ್ಲದಿರುವಿಕೆಯೂ ಮಗ್ಗುಲಲ್ಲಿ ಇಲ್ಲದಿದ್ದರೆ ಶೌಚವು ಒಂಟಿಯಾಗಿ ನಿಂತು ಅಹಂಕಾರದ ಕೈಗೆ ಸಿಕ್ಕುತ್ತದೆ. ಹೊರಗಿನ ಮಡಿಯನ್ನಷ್ಟೇ ನೆಚ್ಚಿದವರನ್ನು ಶ್ರೀಪುರಂದರದಾಸರು ಹಾಸ್ಯಮಾಡಿ ಹಾಡಿದುದನ್ನು ನಮ್ಮ ಭಜನಾಮಂಡಳಿಗಳಲ್ಲಿ ತಾಳಹಾಕಿ ಹಾಡುತ್ತೇವೆ. ಹಾಡಿ ಮುಗಿಸಿ ಮನೆಗೆ ಬಂದು ಏನು ಮಾಡುತ್ತೇವೆಂಬುದು ಬೇರೆಯ ಪ್ರಶ್ನೆ.

ಹಾಗಾದರೆ ಯಂತ್ರವನ್ನು ಕಿತ್ತೆಸೆಯಬೇಕೇ ಎಂದು ಕೆಲವರು ಕೇಳಿಯಾರು. ಬೇಡ. ತಪ್ಪು ಮಾಡಿದುದು ನಾಲಗೆ. ಶಿಕ್ಷೆ ಗೋಡೆಗೆ ಆಗಬಾರದು. ಮನೆಯಲ್ಲಿ ರೋಗಿಯಿದ್ದಾಗ, ಕೈಯಲ್ಲಿ ಗಾಯವಿದ್ದಾಗ, ಬೆರಳುಗಳ ಸಂಧಿವಾತದಿಂದ ಬಟ್ಟೆ ಹಿಂಡಲಾಗದ ವೃದ್ಧರಿದ್ದಾಗ ಇಂತಹ ವಸ್ತು ನಿಜವಾಗಿಯೂ ಉಪಕಾರಿ. ಆದರೆ ಅದರ ಒಡೆತನಕ್ಕೆ ಒಂದು ಲೆಕ್ಕವಿರಲಿ. ನಮ್ಮ ಮನೆಯಲ್ಲಿ ಒಂದು ವಾರ ಎಣಿಸಿ ನೋಡಿದೆ: ದಿನಕ್ಕೆ ಸರಾಸರಿ 24 ಹಾಳೆ. ಒಂದು ಸುರುಳಿಯಲ್ಲಿ 60 ಹಾಳೆ. ಅಂದರೆ ಎರಡೂವರೆ ದಿನಕ್ಕೊಂದು ಸುರುಳಿ, ವರ್ಷಕ್ಕೆ 146 ಸುರುಳಿ. ಇದರಲ್ಲಿ ರೋಗಭಯದಿಂದ ಬಳಸಿದುದು ತೀರ ಕಡಿಮೆ. ಬಹುಪಾಲು ಎದ್ದು ಬಟ್ಟೆ ತರುವ ಸೋಮಾರಿತನದಿಂದ ಬಳಸಿದುದು. ಮೇಲಾಗಿ, ಅದೇ ಕೈಯಿಂದ ನಾವು ನಲ್ಲಿಯನ್ನೂ ಗ್ಯಾಸಿನ ಗುಂಡಿಯನ್ನೂ ಫ್ರಿಜ್ಜಿನ ಹಿಡಿಯನ್ನೂ ಮುಟ್ಟುತ್ತಲೇ ಇರುತ್ತೇವೆ. ಗೂಟಕ್ಕೆ ಸಿಕ್ಕಿಸಿದ ಸಾಮಾನ್ಯ ಸುರುಳಿಯಿಂದ ಹಾಳೆಯನ್ನು ಹರಿದುಕೊಳ್ಳುವಾಗಲೂ ನಾವು ಮುಟ್ಟುವುದು ನಾವೇ ಬಳಸುವ ಹಾಳೆಯನ್ನು ಮಾತ್ರ. ಹೀಗಿರುವಾಗ ಮೋಟಾರು, ಬ್ಯಾಟರಿಗಳಿಂದ ಸಾಮಾನ್ಯ ದಿನಗಳಲ್ಲಿ ದೊರೆಯುವ ಹೆಚ್ಚಿನ ಲಾಭ ಬಹಳ ಸಣ್ಣದು.

ಆದುದರಿಂದ ನಾವು ಮಾಡಿಕೊಂಡಿರುವ ವ್ಯವಸ್ಥೆ ಇಷ್ಟು. ಹಳೆಯ ಹತ್ತಿಯ ಪಂಚೆಗಳನ್ನು ಹರಿದು ಅಂಚು ಹೊಲಿದು ಎರಡು ಡಜನ್ ಕೈವಸ್ತ್ರಗಳನ್ನು ಮಾಡಿದ್ದೇವೆ. ಒಂದನ್ನು ಒಮ್ಮೆ ಬಳಸಿದ ಮೇಲೆ ಬುಟ್ಟಿಗೆ ಹಾಕುವುದು. ಸಂಜೆ ಕುದಿಯುವ ನೀರಿನಲ್ಲಿ ಅದ್ದಿ ಒಗೆದು, ಬೆಳಿಗ್ಗೆ ಬಾಲ್ಕನಿಯ ಬಿಸಿಲಿಗೆ ಹರವುವುದು. ದಿನವಿಡೀ ಒದ್ದೆಯಾಗಿ ತೂಗಾಡುವ ಒಂದೇ ಮಸಿಬಟ್ಟೆಯು ರೋಗಾಣುಗಳ ತವರು. ಕುದಿಸಿ ಒಣಗಿಸಿದ ಬಟ್ಟೆ ಹಾಗಲ್ಲ. ಕಾಗದದ ಯಂತ್ರದಲ್ಲಿ ಬ್ಯಾಟರಿ ತೆಗೆದಿಟ್ಟಿದ್ದೇವೆ. ಮನೆಯಲ್ಲಿ ಕಾಯಿಲೆ ಬಂದರೆ ಹಾಕುತ್ತೇವೆ. ಆಗ ಅದರ ಕೆಳಗೆ ಯಾರ ಕೈ ಬಂದರೂ ಹಾಳೆ ಅವರದು.

ಮಾವಶಿಯವರಲ್ಲಿ ಕ್ಷಮೆ ಕೇಳುವುದಕ್ಕೆ ನನಗೆ ಒಂಬತ್ತು ದಿನ ಬೇಕಾಯಿತು. ವಯಸ್ಸು, ಸಂಕೋಚ, ‘ಅವರು ಮರೆತಿರಬಹುದು’ ಎಂಬ ಸುಳ್ಳು ಸಮಾಧಾನ, ಇವೆಲ್ಲ ಅಡ್ಡಬಂದವು. ಕೊನೆಗೆ ಹೇಳಿದಾಗ ಅವರು, “ಕೈ ಒಣಗಿದರೆ ಆಯಿತು ಕಾಕಾ, ಅದಕ್ಕೇನು” ಎಂದು ಪಾತ್ರೆಗಳತ್ತ ತಿರುಗಿದರು. ಮರೆತಿರಲಿಲ್ಲವೆಂಬುದು ಆ ತಿರುಗುವಿಕೆಯಲ್ಲಿಯೇ ತಿಳಿಯಿತು. ಈಗ ಒಗೆದ ಕೈವಸ್ತ್ರಗಳ ಒಂದೇ ರಾಶಿಯಿಂದ ನಾನೂ ತೆಗೆದುಕೊಳ್ಳುತ್ತೇನೆ, ಬಂದ ಅತಿಥಿಗಳೂ ತೆಗೆದುಕೊಳ್ಳುತ್ತಾರೆ. ಮಾವಶಿಯವರು ಕೆಲವು ದಿನ ತೆಗೆದುಕೊಳ್ಳುತ್ತಾರೆ. ಕೆಲವು ದಿನ ಇಂದಿಗೂ ಸೆರಗಿಗೇ ಒರೆಸಿಕೊಂಡು ಹೊರಡುತ್ತಾರೆ. ಅದು ಅಭ್ಯಾಸವೋ, ನನ್ನ ಮಾತಿನ ನೆನಪೋ ಕೇಳುವ ಅಧಿಕಾರ ನನಗಿಲ್ಲ. ಮಲಿನವಾದ ಕೈಯನ್ನು ತೊಳೆಯಲು ನೀರು ಸಾಕು, ಒರೆಸಲು ಬಟ್ಟೆ ಸಾಕು. ಆಡಿದ ಮಾತಿನ ಮಲಿನವನ್ನು ತೊಳೆಯುವುದಕ್ಕೆ ದಿನದಿನದ ನಡತೆಯೊಂದೇ ನೀರು. ಅದು ಎಷ್ಟು ದಿನ ಹಿಡಿಯುತ್ತದೆಂಬುದು ತೊಳೆಯುವವನ ಕೈಯಲ್ಲಿಲ್ಲ.

ಓದುಗರು ತಮ್ಮ ಮನೆಯ ಅಡುಗೆಕಟ್ಟೆಯ ಬಳಿ ಒಮ್ಮೆ ನಿಂತು ನೋಡಲಿ. ಅಲ್ಲಿ ಯಂತ್ರವಿರಬಹುದು, ಇಲ್ಲದಿರಬಹುದು. ಬೇರೆಯಾಗಿ ಇಟ್ಟ ಒಂದು ಲೋಟ, ಬೇರೆಯಾಗಿ ತೂಗುಹಾಕಿದ ಒಂದು ಬಟ್ಟೆ, ಇಂತಹವರಿಗಲ್ಲವೆಂದು ಗುರುತು ಹಾಕಿದ ಒಂದು ಲಿಫ್ಟು, ಏನಾದರೊಂದು ಇದ್ದೇ ಇರುತ್ತದೆ. ಅದು ಏತಕ್ಕಾಗಿದೆ, ಯಾರಿಂದ ಯಾರನ್ನು ಕಾಯುತ್ತಿದೆ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ ಶೌಚದ ಮೊದಲ ಪಾಠ ಆರಂಭವಾದಂತೆ.

ಶ್ರೀಕೃಷ್ಣಾರ್ಪಣಮಸ್ತು.